ಗ್ವಾಡಿಗೆ ಬಣ್ಣ ಯಾವಾಗ ಹಚ್ಚತೀರಿ?

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಮೇಲೆ ಮಾಡುವ ಮೊದಲ ಕೆಲಸವೆಂದರೆ ಪಡಸಾಲೆಯ ಎದುರುಗೋಡೆಯನ್ನು ಮುಟ್ಟಿ ನೋಡುವುದು. ಕೆಲವರು ಬೆರಳ ತುದಿಯಿಂದ ಮುಟ್ಟುತ್ತಾರೆ, ಕೆಲವರು ಅಂಗೈ ಊರಿ ಸವರುತ್ತಾರೆ. ನನ್ನ ಜೊತೆ ಕೆಲಸ ಮಾಡಿದ ಗಣಿತದ ಮಾಸ್ತರರೊಬ್ಬರು ಉಗುರಿನಿಂದ ಕೆರೆದೇ ನೋಡಿದರು. ಆಮೇಲೆ ನೀರು ಕುಡಿದು, ಮಳೆಯ ಬಗ್ಗೆ ಎರಡು ಮಾತಾಡಿ, ಚಹಾ ಬರುವಷ್ಟರಲ್ಲಿ ಕೇಳಿಯೇ ಕೇಳುತ್ತಾರೆ: “ಈ ಗ್ವಾಡಿಗೆ ಬಣ್ಣ ಯಾವಾಗ ಹಚ್ಚತೀರಿ?”

ಇದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಹಚ್ಚುವುದಿಲ್ಲ ಎಂದರೆ, ಪಾಪ, ಮನೆ ಕಟ್ಟಿಸಿ ಕೈ ಸೋತಿರಬೇಕು ಎಂದು ಮುಖ ಸಣ್ಣ ಮಾಡುತ್ತಾರೆ. ಹಚ್ಚಿ ಆಗಿದೆ ಎಂದರೆ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಇದು ಬಣ್ಣವೇ ಅಲ್ಲ, ಗಿಲಾವು, ಅಂದರೆ ಗಾರೆ, ಉಜ್ಜಿ ಉಜ್ಜಿ ಹೊಳಪು ತಂದ ಗಿಲಾವು ಎಂದು ವಿವರಿಸಲು ಹೊರಟರೆ ಅದು ಪಾಠವಾಗಿಬಿಡುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ನಾನು ವಿವರಿಸಲು ಶುರುಮಾಡಿದರೆ ಮಂದಿ ಗಡಿಯಾರ ನೋಡುತ್ತಾರೆ.

ಗೋಡೆ ನನ್ನ ಆಯ್ಕೆಯಲ್ಲ. ಬೆಳಗಾವಿ ಹತ್ತಿರದ ಪೀರನವಾಡಿಯಲ್ಲಿ ಈ ಮನೆ ಕಟ್ಟಿಸುವಾಗ ಮಗ ಮಹಾಂತೇಶ ಒಂದೇ ಒಂದು ಮಾತು ಕೇಳಿದ್ದ. “ಅಪ್ಪಾ, ಪಡಸಾಲಿದು ಒಂದು ಗ್ವಾಡಿ ನನಗ ಬಿಟ್ಟಬಿಡ್ರಿ.” ಬ್ಯಾಂಕಿನಲ್ಲಿ ದಿನವೆಲ್ಲ ಕೂತು ಬರುವ ಹುಡುಗ, ಅವನಿಗೂ ಒಂದು ಹುಚ್ಚು ಇರಲಿ ಎಂದು ಒಪ್ಪಿದೆ. ಅವನು ಮೊಬೈಲಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಒಂದು ಗೋಡೆ, ಒಂದು ಕುರ್ಚಿ, ಒಂದು ಗಿಡ ಇಷ್ಟೇ ಇದ್ದವು. ಗೋಡೆಯೇನೋ ಮೋಡ ಕವಿದ ಹಾಗೆ, ಅಲ್ಲಲ್ಲಿ ತಿಳಿಯಾಗಿ, ಅಲ್ಲಲ್ಲಿ ದಟ್ಟವಾಗಿ ಹೊಳೆಯುತ್ತಿತ್ತು.

“ಈ ಮನ್ಯಾಗ ಮಂದಿ ಎಲ್ಲಿ ಅದಾರೊ?” ಎಂದು ಕೇಳಿದೆ.

“ಅಪ್ಪಾ, ಗ್ವಾಡಿ ನೋಡ್ರಿ,” ಎಂದ.

ಕೆಲಸ ಹಿಡಿದವನು ಸಂಜು ಎಂಬ ಹುಡುಗ. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಕಲಸಿ ಮಾತಾಡುತ್ತಿದ್ದ. “ಸರ್, ಇದು ಇಟಾಲಿಯನ್ ಫಿನಿಶ್,” ಎಂದು ಹಲಗೆಯ ತುಂಡುಗಳ ಮೇಲೆ ಬಳಿದ ಮಾದರಿಗಳನ್ನು ಸಾಲಾಗಿ ನೆಲದ ಮೇಲೆ ಹರಡಿದ. ಒಂದು ಮರಳಿನ ಬಣ್ಣ, ಒಂದು ಒದ್ದೆ ಮರಳಿನ ಬಣ್ಣ, ಒಂದು ಒಣಗಿದ ಒದ್ದೆ ಮರಳಿನ ಬಣ್ಣವಂತೆ. ನನಗೆ ಎಲ್ಲವೂ ಒಂದೇ ಕಂಡವು. ಆದರೂ ಮನೆಯ ಯಜಮಾನ ಸುಮ್ಮನಿರಬಾರದು ನೋಡಿ, ಬಹಳ ವಿಚಾರ ಮಾಡಿದವನಂತೆ ಗದ್ದ ಸವರಿಕೊಂಡು ಒಂದನ್ನು ಬೆರಳು ಮಾಡಿ ತೋರಿಸಿದೆ. ಅದು ಹಲಗೆಯ ಹಿಂಬದಿಯಾಗಿತ್ತು. ಸಂಜು ಮೆಲ್ಲಗೆ ಅದನ್ನು ತಿರುಗಿಸಿ ಇಟ್ಟ. ಅಲ್ಲಿಂದ ಮುಂದೆ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಅದರಲ್ಲಿ ಏನೇನು ಹಾಕುತ್ತಾರೆಂದು ನಾನು ಕೇಳಿದ್ದೆ, ಅವನು ಹೇಳಿಯೂ ಇದ್ದ. ಸುಣ್ಣವನ್ನು ನೀರಲ್ಲಿ ಕೊಳೆಹಾಕಿ, ಅದಕ್ಕೆ ಅಮೃತಶಿಲೆಯ ಪುಡಿ ಬೆರೆಸಿ, ತೆಳ್ಳಗೆ ಒಂದರ ಮೇಲೊಂದು ಪದರು ಎಳೆದು, ಉಕ್ಕಿನ ಥಾಪಿಯಿಂದ ತೋಳು ಸೋಲುವ ತನಕ ಉಜ್ಜುವುದು. ಇದೆಲ್ಲ ಒಂದು ಕಿವಿಯಿಂದ ಬಂದು ಇನ್ನೊಂದು ಕಿವಿಯಿಂದ ಹೋಯಿತು. ತಲೆಯಲ್ಲಿ ಉಳಿದದ್ದು ಇಟಾಲಿಯನ್ ಎಂಬ ಶಬ್ದ ಒಂದೇ.

ಗೋಡೆ ಮುಗಿದ ದಿನವೂ ನಾನು, “ಮತ್ತ ನಾಳಿಂದ ಬಣ್ಣ ಸುರು ಮಾಡ್ತೀರೇನು?” ಎಂದು ಕೇಳಿದೆನಂತೆ. ನಮ್ಮಾಕಿ, ಅಂದರೆ ನನ್ನ ಹೆಂಡತಿ, ಇದನ್ನು ಎಲ್ಲರಿಗೂ ಹೇಳಿ ನಗುತ್ತಾಳೆ. ಸಂಜು ಮಾತ್ರ ನಗಲಿಲ್ಲ. “ಇನ್ನ ಮೇಣ ಅಷ್ಟೇ ಸರ್. ಗ್ವಾಡಿ ಒಳಗಿಂದ ಒಣಗಬೇಕು. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ,” ಎಂದು ಹೇಳಿ ಥಾಪಿ ತೊಳೆದುಕೊಂಡು ಹೋದ.

ಮುಟ್ಟಬಾರದು, ಮೊಳೆ ಹೊಡೆಯಬಾರದು, ಕ್ಯಾಲೆಂಡರ್ ತೂಗಬಾರದು. ಇವೆಲ್ಲ ಸರಿ. ಆನಿಕೊಂಡು ಕೂಡಬಾರದು ಎಂದಾಗ ನನಗೆ ಖರೇ ಸಿಟ್ಟು ಬಂತು. ಗೋಡೆ ಇರುವುದು ಮತ್ತೆ ಯಾತಕ್ಕೆ? ನಾನು ಹುಟ್ಟಿ ಬೆಳೆದದ್ದು ಖಾನಾಪುರದ ಆಚೆ ಬೀಡಿ ಎಂಬ ಊರಿನಲ್ಲಿ. ಅಲ್ಲಿನ ನಮ್ಮ ಮನೆಯ ಗೋಡೆಗೆ ಮನೆಯ ಒಬ್ಬೊಬ್ಬರದೂ ತಲೆಯ ಗುರುತು ಇತ್ತು. ಅಜ್ಜ ಆನಿಕೊಂಡು ಕೂಡುವ ಕಡೆ ಎಣ್ಣೆಯ ಒಂದು ಕಪ್ಪು ಗುಂಡು, ಅದರ ಪಕ್ಕ ಸ್ವಲ್ಪ ಕೆಳಗೆ ಅಪ್ಪನದು, ಕಂಬದ ಬಾಜು ಅತ್ತ ಇತ್ತ ಹಬ್ಬಿದ್ದು ಕಾಕಾನದು, ಏಕೆಂದರೆ ಕಾಕಾ ನಿದ್ದೆ ಬಂದಾಗ ಎಡಕ್ಕೆ ವಾಲುತ್ತಿದ್ದ. ಬೀಗರು ಬಂದರೂ ಅಜ್ಜನ ಗುಂಡಿನ ಮುಂದೆ ಯಾರೂ ಕೂಡುತ್ತಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಕೂಡ ಎಷ್ಟೋ ದಿನ ಆ ಜಾಗ ಖಾಲಿಯೇ ಇತ್ತು.

ಹಬ್ಬ ಬಂದಾಗ ಅಕ್ಕ ಆ ಗೋಡೆಗಳನ್ನು ಕೆಮ್ಮಣ್ಣು ಕಲಸಿ ಸಾರಿಸುತ್ತಿದ್ದಳು. ಅವ್ವ ಬೇಗ ಹೋದದ್ದರಿಂದ ಮನೆಯೂ ನಾನೂ ಇಬ್ಬರೂ ಅಕ್ಕನ ಪಾಲಿಗೆ ಬಂದಿದ್ದೆವು. ನೀಲವ್ವ ನನ್ನ ಅಕ್ಕ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ತೋಳು ಚಾಚಿ, ಅರ್ಧಚಂದ್ರದ ಹಾಗೆ ಕೈ ಎಳೆದರೆ ಬೆರಳಿನ ಗೀರುಗಳು ಹಾಗೇ ಉಳಿಯುತ್ತಿದ್ದವು. ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಂಡು ನಾನು ಆ ಗೀರುಗಳಲ್ಲಿ ಒಂಟೆ, ಎತ್ತು, ಬೆಳಗಾವಿಗೆ ಹೋಗುವ ಬಸ್ಸು ಎಲ್ಲವನ್ನೂ ಹುಡುಕುತ್ತಿದ್ದೆ. ಈಗ ಈ ಇಟಾಲಿಯನ್ ಗೋಡೆಯಲ್ಲೂ ಹುಡುಕಿ ನೋಡಿದ್ದೇನೆ. ಏನೋ ಇದ್ದಂತೆ ಕಾಣುತ್ತದೆ, ಎದ್ದು ಹತ್ತಿರ ಹೋದರೆ ಇರುವುದಿಲ್ಲ. ನನ್ನ ಕಣ್ಣೋ, ಗೋಡೆಯೋ, ಯಾವುದು ಸರಿಯಿಲ್ಲವೆಂದು ಗೊತ್ತಾಗಿಲ್ಲ.

ಎಲ್ಲಿಂದ ಎಲ್ಲಿಗೋ ಬಂದೆ. ಹೇಳಬೇಕಾದದ್ದು ಸೊಸೆಯ ವಿಷಯ.

ಮಹಾಂತೇಶ ಇಷ್ಟಪಟ್ಟ ಹುಡುಗಿಯ ಹೆಸರು ಸಾಯಲಿ, ಖಾನಾಪುರದವಳು. ಅವರ ಮನೆಮಾತು ಮರಾಠಿ. ಅವಳ ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟುಕೊಂಡವರು, ಒಳ್ಳೆಯ ಜನ. ನನಗೂ ನಮ್ಮಾಕಿಗೂ ತಕರಾರು ಇರಲಿಲ್ಲ. ಇದ್ದದ್ದು ಅಕ್ಕನಿಗೆ. ಬೀಡಿಯಲ್ಲಿ ತನ್ನ ಗಂಡನ ಕಡೆಯ ಒಂದು ಹುಡುಗಿಯನ್ನು ಅವಳು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

“ಮಾತ ಬ್ಯಾರೆ, ಪದ್ಧತ ಬ್ಯಾರೆ. ನಾ ಆಕಿ ಜೋಡಿ ಏನಂತ ಮಾತಾಡ್ಲಿ?” ಎಂದಳು.

“ಅಕ್ಕಾ, ನೀ ಸಂತ್ಯಾಗ ಮರಾಠಿ ಮಾತಾಡೂದು ನೋಡಿದ್ರ ಮರಾಠಿ ಮಂದೀನ ಗಾಬರಿ ಆಗ್ತಾರ,” ಎಂದೆ.

“ಸಂತಿ ಬ್ಯಾರೆ, ಮನಿ ಬ್ಯಾರೆ,” ಎಂದು ಮುಖ ತಿರುಗಿಸಿದಳು. ಮದುವೆಗೆ ಬಂದಳು, ಅಕ್ಷತೆ ಹಾಕಿದಳು, ಊಟ ಮಾಡಿದಳು. ಹುಡುಗಿಯ ಜೊತೆ ಒಂದು ಮಾತು ಆಡಲಿಲ್ಲ. ನಮ್ಮ ಬಳಗದಲ್ಲಿ ಈಗ ಅಕ್ಕನೇ ಹಿರಿಯಳು. ಅವಳು ಹೂಂ ಅಂದದ್ದು ಎಲ್ಲರಿಗೂ ಹೂಂ, ಉಹೂಂ ಅಂದದ್ದು ಎಲ್ಲರಿಗೂ ಉಹೂಂ. ಇದು ಸಾಯಲಿಗೂ ಗೊತ್ತಾಗಿತ್ತು. ಮದುವೆ ಮಂಟಪದಲ್ಲಿ ಮತ್ತೆ ಮತ್ತೆ ಅಕ್ಕ ಕೂತ ಕಡೆ ನೋಡುತ್ತಿತ್ತು ಪಾಪದ ಹುಡುಗಿ.

ಮದುವೆ ಖಾನಾಪುರದಲ್ಲಿ ಮುಗಿಸಿ, ಮರುದಿನ ಬೆಳಿಗ್ಗೆ ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದೆಂದು ಆಯಿತು. ಗೋಡೆಗೆ ಇನ್ನೂ ಮೇಣ ಹಚ್ಚಿರಲಿಲ್ಲ. ಮಹಾಂತೇಶ ಅದರ ಮುಂದೆ ಅಡ್ಡಲಾಗಿ ಕುರ್ಚಿಗಳನ್ನು ಸಾಲಾಗಿಟ್ಟು, ಬಂದವರಿಗೆಲ್ಲ “ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ,” ಎನ್ನುತ್ತ ತಲೆಗೆ ಮದುಮಗನ ರುಮಾಲು ಸುತ್ತಿಕೊಂಡೇ ಕಾವಲು ನಿಂತಿದ್ದ. ಬಂದ ಹೆಂಗಸರು ದೂರದಿಂದಲೇ ಅಂದಾಜು ಮಾಡುತ್ತಿದ್ದರು. ಒಬ್ಬರು ಕಲ್ಲು ಎಂದರು, ಒಬ್ಬರು ಕಾಗದ ಎಂದರು. ದೊಡ್ಡಪ್ಪನ ಮಗಳು ಗೌರವ್ವ, ಇದು ಪ್ಲಾಸ್ಟಿಕ್ಕು, ತಮ್ಮ ಅಳಿಯನ ಮನೆಯಲ್ಲೂ ಐತಿ ಎಂದಳು.

ಸೊಸೆ ಅಕ್ಕಿಯ ಸೇರು ಒದ್ದು ಒಳಗೆ ಬಂದಳು. ನಮ್ಮಾಕಿ ಆರತಿ ಎತ್ತಿದಳು. ಅಷ್ಟರಲ್ಲಿ ಬೀಗಿತ್ತಿ, ಅಂದರೆ ಸಾಯಲಿಯ ತಾಯಿ, ಅರಿಶಿನ ಕಲಸಿದ ತಾಟು ಹಿಡಿದು ಮುಂದೆ ಬಂದರು.

“ಅಣ್ಣಾರ, ನಮ್ಮ ಕಡೆ ಒಂದು ರೀತ ಐತ್ರಿ. ಹೊಸಾ ಸೊಸಿ ಅರಿಷಿಣದ ಕೈ ಗ್ವಾಡಿಗೆ ಒತ್ತತಾಳ. ಮನಿ ಆಕೀದು ಆತು ಅಂತ ಅರ್ಥ. ಹೊರಗ ಬಾಗಲ ಬಾಜು ಒತ್ತಸೂಣು ಅಂದ್ರ ಅಲ್ಲೆ ಟೈಲ್ಸ್ ಹಾಕೀರಿ, ಹಿಡಿಯೂದಿಲ್ಲ. ಇಲ್ಲೇ ಒಂದ ಕಡೆ ಒತ್ತಲಿ?”

ಅವರು ತೋರಿಸಿದ್ದು ಅದೇ ಗೋಡೆ. ಮಹಾಂತೇಶನ ಮುಖ ನೋಡಬೇಕಿತ್ತು. ಬಾಯಿ ತೆರೆದ, ಮುಚ್ಚಿದ, ನನ್ನ ಕಡೆ ನೋಡಿದ. ನಾನು ನಮ್ಮಾಕಿಯ ಕಡೆ ನೋಡಿದೆ. ಆಕೆ ಸೂರಿನ ಕಡೆ ನೋಡಿದಳು. ಬೀಗರಿಗೆ ಮೊದಲ ದಿನವೇ ಇಲ್ಲ ಎನ್ನುವುದು ಹೇಗೆ? “ಒತ್ತಲಿ, ಒತ್ತಲಿ,” ಎಂದು ನಾನೇ ಒಂದು ಕುರ್ಚಿ ಸರಿಸಿದೆ.

ಸಾಯಲಿ ಬಲಗೈ ಅದ್ದಿ, ಗೋಡೆಗೆ ಒತ್ತಿ, ತೆಗೆದಳು. ಹಳದಿಯ ಐದು ಬೆರಳು ಚಂದ ಮೂಡಿದವು. ಹೆಂಗಸರು ಇನ್ನೇನು ಹಾಡಬೇಕು, ನೋಡನೋಡುತ್ತಿದ್ದಂತೆ ಹಳದಿ ಕಂದಿತು, ಕಂದಿದ್ದು ಕೆಂಪಾಯಿತು. ಬೆರಳಿನ ಅಂಚಿನಿಂದ ಶುರುವಾಗಿ ಅಂಗೈಯ ನಡುವಿನ ತನಕ, ರಕ್ತದಲ್ಲಿ ಅದ್ದಿ ಒತ್ತಿದ ಹಾಗೆ ಕೆಂಪು.

ಸಾಯಲಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಎಲ್ಲೋ ಗಾಯವಾಗಿರಬೇಕೆಂದು ಆಕೆಗೆ ಅನ್ನಿಸಿರಬೇಕು. ಅಂಗೈ ಹಳದಿಯಾಗಿಯೇ ಇತ್ತು. ಕೈ ಹಳದಿ, ಗೋಡೆ ಕೆಂಪು. ಆಕೆ ತನ್ನ ತಾಯಿಯ ಕಡೆ ನೋಡಿದಳು, ತಾಯಿ ತಾಟಿನೊಳಗಿನ ಅರಿಶಿನವನ್ನು ನೋಡುತ್ತಿದ್ದರು.

“ಅರಿಷಿಣ ಕೆಂಪಾಗೂದು ನಾ ಎಂದೂ ಕಂಡಿಲ್ಲವಾ,” ಎಂದಳು ಗೌರವ್ವ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ. “ಬಂದ ಗಳಿಗ್ಯಾಗ ಇದೇನು?”

ಈಗ ನೀವು ನಗುತ್ತೀರಿ. ಅಲ್ಲಿದ್ದ ಹೆಂಗಸರೆಲ್ಲ ಹುಟ್ಟಿದಾಗಿನಿಂದ ಅರಿಶಿನಕ್ಕೆ ಸುಣ್ಣ ಹಾಕಿ ಆರತಿಯ ಕೆಂಪು ನೀರು ಮಾಡಿದವರು. ಆ ಗಳಿಗೆಯಲ್ಲೂ ನಮ್ಮಾಕಿಯ ಕೈಯ ತಟ್ಟೆಯಲ್ಲಿ ಅದೇ ಕೆಂಪು ನೀರು ತುಳುಕುತ್ತಿತ್ತು. ನಾನೋ, ಅರಿಶಿನ ಒಂದು ಸೂಚಕ, ಪ್ರತ್ಯಾಮ್ಲ ತಗಲಿದರೆ ಕೆಂಪಾಗುತ್ತದೆ ಎಂದು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದವನು. ನನಗೂ ಹೊಳೆಯಲಿಲ್ಲ. ಸುಣ್ಣ ಅಂದರೆ ನಮಗೆಲ್ಲ ಬೆಳ್ಳಗೆ, ಪುಡಿಪುಡಿಯಾಗಿ, ಅಂಗಿಗೆ ಹತ್ತುವ ವಸ್ತು. ಹೊಳೆಯುವ ಇಟಾಲಿಯನ್ ಗೋಡೆಯಲ್ಲಿ ಅದು ಕೂತಿದೆ ಎಂದು ಯಾರ ತಲೆಗೂ ಬರಲಿಲ್ಲ.

ಎಲ್ಲರ ಕಣ್ಣೂ ತಾನಾಗಿಯೇ ಅಡಿಗೆಮನೆಯ ಬಾಗಿಲಿನ ಕಡೆ ಹೊರಳಿದವು. ಅಕ್ಕ ಅಲ್ಲಿ ನಿಂತಿದ್ದಳು. ಭಾವ ತೀರಿಕೊಂಡಾಗಿನಿಂದ ಅಕ್ಕ ಯಾವ ಶುಭಕಾರ್ಯದಲ್ಲೂ ಮುಂದೆ ಬಂದವಳಲ್ಲ. ನಮ್ಮ ಬಸವಣ್ಣನ ಹಾದಿಯಲ್ಲಿ ಇಂಥದ್ದೊಂದೂ ಇಲ್ಲ. ಮಠದಲ್ಲಿ ಸ್ವಾಮಿಗಳು ಪ್ರತಿ ಸಲ ಹೇಳುತ್ತಾರೆ, ನಾವು ಪ್ರತಿ ಸಲ ತಲೆಯಾಡಿಸುತ್ತೇವೆ, ಮನೆಗೆ ಬಂದು ಹಿಂದಿನ ಹಾಗೇ ಇರುತ್ತೇವೆ. ಯಾರೂ ಅಕ್ಕನಿಗೆ ಬರಬೇಡ ಎಂದವರಿಲ್ಲ. ಬಾ ಎಂದು ಕೈ ಹಿಡಿದು ಎಳೆದವರೂ ಇಲ್ಲ. ಅವಳೇ, “ನಾ ಇಲ್ಲೇ ಚೊಲೋ ಅದೀನಿ,” ಎಂದು ಬಾಗಿಲ ಒಳಗೆ ನಿಂತುಬಿಡುತ್ತಿದ್ದಳು.

ಈಗ ಅವಳು ಏನಾದರೂ ಅಂದುಬಿಟ್ಟರೆ ಮುಗಿಯಿತು. ಆ ಹುಡುಗಿಗೆ ಈ ಮನೆಯಲ್ಲಿ ಜೀವಮಾನವೆಲ್ಲ ಅದೇ ಮಾತು ಬೆನ್ನು ಬೀಳುತ್ತದೆ. ಒಂದು ಮಗುವಿಗೆ ಜ್ವರ ಬಂದರೂ, ಒಂದು ಎಮ್ಮೆ ಹಾಲು ಕೊಡದಿದ್ದರೂ ಯಾರೋ ಒಬ್ಬರು ಆ ಕೆಂಪು ಕೈಯನ್ನು ನೆನಪಿಸುತ್ತಾರೆ. ಸಾಯಲಿಯ ಕಣ್ಣು ತುಂಬಿ ಬಂದಿದ್ದವು, ಒರೆಸಿಕೊಳ್ಳಲು ಕೈಯಲ್ಲಿ ಅರಿಶಿನ.

ಅಕ್ಕ ಹೊರಗೆ ಬಂದಳು. “ಬಾಜೂಕ ಸರೀರಿ,” ಎಂದಳು, ಗೌರವ್ವನಿಗೆ. ಬೀಗಿತ್ತಿಯ ಕೈಯಿಂದ ತಾಟು ಇಸಿದುಕೊಂಡಳು. ಆಮೇಲೆ ಯಾರಿಗೂ ಏನೂ ತಿಳಿಯುವ ಮೊದಲು ತನ್ನ ಬಲಗೈಯನ್ನು ಆ ಅರಿಶಿನದಲ್ಲಿ ಅದ್ದಿದಳು. ಭಾವ ಹೋದ ಮೇಲೆ ಅಕ್ಕ ಅರಿಶಿನದ ತಾಟಿಗೆ ಕೈ ಹಾಕಿದ್ದನ್ನು ನಾನು ನೋಡಿದ್ದು ಅವತ್ತೇ. ಒಬ್ಬ ಮುದುಕಿ, “ಅಯ್ಯ, ನೀಲವ್ವಾ…” ಎಂದು ಅಲ್ಲಿಗೇ ನಿಂತಳು. ಅಕ್ಕ ಸೊಸೆಯ ಕೈಯ ಪಕ್ಕದಲ್ಲಿ ತನ್ನ ಕೈ ಗಟ್ಟಿಯಾಗಿ ಒತ್ತಿ, ತೆಗೆದು, ನೋಡುತ್ತ ನಿಂತಳು. ಎಲ್ಲರೂ ನೋಡಿದೆವು. ಹಳದಿ ಕಂದಿತು. ಕೆಂಪಾಯಿತು.

“ನಂದೂ ಕೆಂಪಾತು ನೋಡ್ರಿ,” ಎಂದಳು ಅಕ್ಕ. “ಏಳ್ರಿ, ಊಟಕ್ಕ ಕುಂದರ್ರಿ.”

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. “ಸುಣ್ಣ,” ಎಂದೆ. “ಇದರಾಗ ಸುಣ್ಣ ಐತ್ರಿ. ಅರಿಷಿಣಕ್ಕ ಸುಣ್ಣ ಬಡದೈತಿ, ಅಷ್ಟ.” ಅಷ್ಟಕ್ಕೇ ಬಿಡಬೇಕಿತ್ತು. ಸೂಚಕ, ಆಮ್ಲ, ಪ್ರತ್ಯಾಮ್ಲ ಎಲ್ಲ ಹೇಳಿದೆ. ಲಿಂಬೆಹಣ್ಣು ತರಿಸಿ ಒಂದು ಮೂಲೆಯಲ್ಲಿ ಹಿಂಡಿ ತೋರಿಸುತ್ತೇನೆ ಎಂದು ಹೊರಟೆ. ಮಹಾಂತೇಶ ನನ್ನ ರಟ್ಟೆ ಹಿಡಿದು ಕೂಡಿಸಿದ. ಬೀಗಿತ್ತಿ ಅಳುತ್ತಲೇ ನಗುತ್ತಿದ್ದರು. ಗೌರವ್ವ ಮಾತ್ರ ತನಗೆ ಮೊದಲೇ ಸಂಶಯ ಬಂದಿತ್ತು, ಸುಣ್ಣದ ವಾಸನೆ ಬರುತ್ತಿತ್ತು ಎಂದಳು.

ಅವತ್ತಿನಿಂದ ಬಳಗದಲ್ಲಿ ಒಂದು ಮಾತು ನಿಂತಿತು. ನೀಲವ್ವಗೆ ಗೊತ್ತಿತ್ತು. ಎಲೆ ಅಡಿಕೆ ಚಂಚಿಯಲ್ಲಿ ಯಾವಾಗಲೂ ಸುಣ್ಣದ ಡಬ್ಬಿ ಇಟ್ಟುಕೊಂಡಾಕೆ, ಆಕೆಗೆ ಗೊತ್ತಿರದೆ ಇರುತ್ತದೆಯೇ? ಬಾಯಿಂದ ಹೇಳಿದರೆ ಮಂದಿ ನಂಬುವುದಿಲ್ಲ ಎಂದು ಮಾಡಿ ತೋರಿಸಿದಳು. ನಾನೂ ಹಾಗೇ ನಂಬಿದ್ದೆ. ನನ್ನ ಅಕ್ಕ ನನಗಿಂತ ಒಳ್ಳೆಯ ವಿಜ್ಞಾನದ ಮಾಸ್ತರು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸಂಜು ಮೇಣ ಹಚ್ಚಲು ಬಂದಾಗ ತಲೆಯ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಕೆಂಪು ಇಳಿದು ಕೈಗಳೆರಡೂ ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದವು. ಇಂಥ ಗೋಡೆಯಲ್ಲಿ ತೇಪೆ ಹಾಕಿದರೆ ಎದ್ದು ಕಾಣುತ್ತದಂತೆ, ಈ ಮೂಲೆಯಿಂದ ಆ ಮೂಲೆಯ ತನಕ ಹೊಸದಾಗಿ ಎಳೆಯಬೇಕಂತೆ. ಎಳೆ ಎಂದ ಮಹಾಂತೇಶ. ಸಾಯಲಿ ಅಡ್ಡ ಬಂದಳು. ಅಕ್ಕನನ್ನು ಆಕೆ ಮರಾಠಿಯಲ್ಲಿ ಆತ್ಯಾ ಎನ್ನುತ್ತಾಳೆ, ಸೋದರತ್ತೆ ಎಂದು. “ನಂದು ಬೇಕಾದ್ರ ತಗೀರಿ. ಆತ್ಯಾರ ಕೈ ತಗೀಬ್ಯಾಡ್ರಿ,” ಎಂದಳು. ಒಂದನ್ನೇ ತೆಗೆಯಲು ಆಗುವುದಿಲ್ಲ ಎಂದ ಸಂಜು. ಹಾಗಾಗಿ ಎರಡರ ಮೇಲೂ ಮೇಣ ಬಿತ್ತು. ಈಗ ಬಂದವರು ಬಣ್ಣದ ವಿಷಯ ಕೇಳಿ ಮುಗಿಸಿ, “ಇದು ಯಾವ ಡಿಸೈನ್ ರೀ?” ಎಂದು ಇನ್ನೊಂದು ಪ್ರಶ್ನೆ ಕೇಳುತ್ತಾರೆ.

ಮೊನ್ನೆ ಅಕ್ಕ ಕಣ್ಣು ತೋರಿಸಿಕೊಳ್ಳಲು ಬೀಡಿಯಿಂದ ಬಂದಿದ್ದಳು. ಪಡಸಾಲೆಯಲ್ಲಿ ಆಕೆ, ಸಾಯಲಿ ಇಬ್ಬರೂ ನೆಲಕ್ಕೆ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದರು. ಮಾತೆಲ್ಲ ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಯಾರೋ ಬಂದವರಿಗೆ ಗೋಡೆಯ ಕಥೆ ಹೇಳಿ, “ನಮ್ಮ ಅಕ್ಕಗ ಮದಲ ಗೊತ್ತಿತ್ರಿ,” ಎಂದು ಮುಗಿಸಿ, ಅವರನ್ನು ಗೇಟಿನ ತನಕ ಕಳಿಸಿ ಬಂದೆ.

“ತಮ್ಮಾ, ನನಗೇನ ಗೊತ್ತಿತ್ತೊ?” ಎಂದಳು ಅಕ್ಕ, ಸೊಪ್ಪಿನಿಂದ ತಲೆ ಎತ್ತದೆ.

“ಸುಣ್ಣ ಐತಿ ಅಂತ.”

“ಅದನ್ನ ನಾ ಕಲ್ಲು ಅಂತ ತಿಳದಿದ್ದೆ. ಕಲ್ಲಿನ್ಯಾಗ ಸುಣ್ಣ ಎಲ್ಲಿಂದ ಬರಬೇಕು?”

“ಮತ್ತ ಕೈ ಯಾಕ ಒತ್ತಿದಿ?”

“ಗೊತ್ತಿದ್ರ ಬಾಯಿಲೆ ಹೇಳ್ತಿದ್ದೆ, ಕೈ ಯಾಕ ಒತ್ತತಿದ್ದೆ?” ಎಂದಳು ಅಕ್ಕ. “ಅಷ್ಟ ಮಂದಿ ನಡುವ ಕೂಸು ಒಬ್ಬಾಕೀನ ನಿಂತಿತ್ತಲ್ಲೊ. ಕೆಟ್ಟದ್ದು ಅಂದ್ರ ನನಗೂ ಇರ್ಲಿ, ನನಗ ಇನ್ನೇನು ಆಗೂದೈತಿ ಅಂತ ಒತ್ತಿದೆ.”

ಸೊಪ್ಪು ಸೋಸುತ್ತಿದ್ದ ಸಾಯಲಿಯ ಕೈ ನಿಂತಿತು. ಆಕೆ ತಲೆ ಎತ್ತಿ ಅಕ್ಕನ ಮುಖವನ್ನೇ ನೋಡಿದಳು. ಅಕ್ಕ ಒಂದು ಕಡ್ಡಿಯಿಂದ ಎಲೆ ಬಿಡಿಸಿ ಬುಟ್ಟಿಗೆ ಹಾಕಿದಳು.

“ಒತ್ತಿದ ಮ್ಯಾಲೆ ಹೆದರಿಕಿ ಆತು ನೋಡು. ನಂದು ಹಳದೀನ ಉಳದ್ರ ಕೂಸಿನ ಗತಿ ಏನು ಅಂತ. ನಂದೂ ಕೆಂಪಾತು, ಆಗ ಜೀವಕ್ಕ ತಂಪಾತು.”